ಹಳೇ ಕಾರಿನ ಮೈಲೇಜೂ ಇಂಜಿನ್ ಮೌಂಟಿಂಗೂ: ನನ್ನ ಅನುಭವ

ನನ್ನದು 1998ರ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಇರುವ ಕಾರು. 796 ಸಿಸಿ, ಮೂರು ಸಿಲಿಂಡರ್. ಹೋದ ವರ್ಷ ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ ಅನ್ನಿಸಿತು. ಟ್ಯಾಂಕ್ ಫುಲ್ ಮಾಡಿಸಿ, ಗನ್ ಕಟ್ ಆದ ಮೇಲೆ ಒಂದು ಹನಿಯೂ ಹಾಕಿಸದೆ, 200 ಕಿ.ಮೀ. ಓಡಿಸಿ ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿದೆ. 17.4 ಲೀಟರ್ ಹಿಡಿಯಿತು. ಲೀಟರಿಗೆ ಹನ್ನೊಂದೂವರೆ! ಮೊದಲು ಹದಿನಾರು ಬರುತ್ತಿತ್ತು.

ಏರ್ ಫಿಲ್ಟರ್ ಬದಲಾಯಿಸಿದೆ, ಟೈರ್ ಗಾಳಿ ನೋಡಿದೆ. ನಾಲ್ಕೂ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದೆ, ಬ್ರೇಕ್ ಎಲ್ಲೂ ಹಿಡಿದುಕೊಂಡಿರಲಿಲ್ಲ. ಪ್ಲಗ್ ಬಿಚ್ಚಿದರೆ ಮೂರೂ ಮಸಿ ಮಸಿ. ಆಮೇಲೆ ಸುಮ್ನೆ ಇಂಜಿನ್ ಆನ್ ಮಾಡಿ ನಿಂತು ಕೇಳಿದಾಗ ಗೊತ್ತಾಯಿತು, ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದೆ ಇದ್ದಾಗ ಇಂಜಿನ್ ತಿರುಗುವ ವೇಗ, ತುಂಬಾ ಜೋರಾಗಿತ್ತು. ಸಿಗ್ನಲ್‌ನಲ್ಲಿ ನಿಂತಾಗಲೂ ಯಾರೋ ಆಕ್ಸಿಲರೇಟರ್ ಒತ್ತಿಕೊಂಡೇ ಇದ್ದ ಹಾಗೆ.

ಐಡ್ಲಿಂಗ್ ಸ್ಕ್ರೂ ಸ್ವಲ್ಪ ಇಳಿಸಿದೆ ನೋಡಿ, ಸ್ಟೇರಿಂಗ್, ಡ್ಯಾಶ್‌ಬೋರ್ಡ್, ಕನ್ನಡಿ ಎಲ್ಲ ಗಡಗಡ ನಡುಗಿದವು. ಏರಿಸಿದರೆ ನಡುಕ ನಿಂತಿತು. ಹಿಂದಿನ ಸರ್ವಿಸ್‌ನಲ್ಲಿ "ನಡುಕ ಬರುತ್ತಿದೆ" ಅಂದಿದ್ದೆ, ಅಲ್ಲಿ ನಡುಕದ ಕಾರಣ ಹುಡುಕುವ ಬದಲು ಸ್ಕ್ರೂ ಏರಿಸಿ ಕಳಿಸಿದ್ದರು. ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಇಲ್ಲೇ.

ಪಕ್ಕದ ಮನೆ ಹುಡುಗನನ್ನು ಕರೆದೆ. ಬಾನೆಟ್ ತೆಗೆದು, ಹ್ಯಾಂಡ್ ಬ್ರೇಕ್ ಎಳೆದು, ಕಾಲಲ್ಲೂ ಬ್ರೇಕ್ ಒತ್ತಿ ಹಿಡಿದು, ಫಸ್ಟ್ ಗೇರ್‌ನಲ್ಲಿ ಕ್ಲಚ್ ಒಂಚೂರು ಬಿಟ್ಟೆ. ಅವನನ್ನು ಪಕ್ಕಕ್ಕೇ ನಿಲ್ಲಿಸಿದ್ದೆ, ಈ ಪರೀಕ್ಷೆ ಮಾಡುವಾಗ ಕಾರಿನ ಮುಂದೆ ಯಾರೂ ನಿಲ್ಲಬಾರದು. "ಅಣ್ಣ, ಇಂಜಿನ್ ಎದ್ದು ಕೂರ್ತಿದೆ!" ಅಂತ ಕೂಗಿದ. ಟಾರ್ಚ್ ಬಿಟ್ಟು ನೋಡಿದರೆ ಇಂಜಿನ್ ಅನ್ನು ಕಾರಿನ ಬಾಡಿಗೆ ಹಿಡಿದಿಡುವ ಮೌಂಟಿಂಗ್‌ಗಳಲ್ಲಿ ಒಂದರ ರಬ್ಬರ್ ಕಬ್ಬಿಣದಿಂದ ಬಿಟ್ಟುಕೊಂಡು ಬಾಯಿ ತೆರೆದಿತ್ತು, ಒಂದು ರೂಪಾಯಿ ನಾಣ್ಯ ತೂರಿಸಬಹುದಿತ್ತು. ಟ್ಯಾಪೆಟ್ ಕವರ್ (ಇಂಜಿನ್ ಮೇಲಿನ ಮುಚ್ಚಳ) ಪ್ಯಾಕಿಂಗ್‌ನಿಂದ ಸೋರಿದ ಆಯಿಲ್ ಅದರ ಮೇಲೇ ಇಳಿದು ರಬ್ಬರ್ ಊದಿ ಮೆತ್ತಗಾಗಿತ್ತು. ಹಾಗಾಗಿ ಮೊದಲು ಆ ಪ್ಯಾಕಿಂಗ್ ಹಾಕಿದೆ, ಇಲ್ಲದಿದ್ದರೆ ಹೊಸ ರಬ್ಬರಿಗೂ ಅದೇ ಗತಿ ಅಲ್ವಾ.

ಮೂರೂ ಮೌಂಟಿಂಗ್ ಒಟ್ಟಿಗೇ ಬದಲಾಯಿಸಿದೆ. ಒಂದೇ ಹೊಸದು ಹಾಕಿದರೆ ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ಆಯಿಲ್ ಸಂಪ್ (ಇಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಕೆಳಗೆ ಅಗಲವಾದ ಹಲಗೆ ಇಟ್ಟು ಜಾಕಿಯಿಂದ ಇಂಜಿನ್ ತೂಕ ಹಿಡಿದುಕೊಳ್ಳುವಷ್ಟು ಮಾತ್ರ ಎತ್ತಿ, ಒಂದೊಂದಾಗಿ ಬಿಚ್ಚಿದೆ. ಜಾಕಿಯನ್ನು ನೇರವಾಗಿ ಸಂಪ್‌ಗೆ ಕೊಟ್ಟರೆ ತಗ್ಗು ಬೀಳುತ್ತದೆ, ದಯವಿಟ್ಟು ಬೇಡ. ಬೋಲ್ಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿಟ್ಟು, ಜಾಕಿ ಇಳಿಸಿ, ಇಂಜಿನ್ ಒಂದು ನಿಮಿಷ ಓಡಿಸಿ ಆಫ್ ಮಾಡಿ, ಅದು ತನ್ನ ಜಾಗದಲ್ಲಿ ಕೂತ ಮೇಲೆ ಸ್ಪ್ಯಾನರ್ ಹಾಕಿ ಬಿಗಿ ಮಾಡಿದೆ.

ಹತ್ತು ಕಿ.ಮೀ. ಓಡಿಸಿ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗ್ ಇಳಿಸಿದೆ. ಕನ್ನಡಿ ಅಲ್ಲಾಡಲಿಲ್ಲ. ಮೂರು ಸಿಲಿಂಡರಿನ ಸಣ್ಣ ನಡುಕ ಇದೆ, ಅದು ಇದ್ದೇ ಇರುತ್ತದೆ. ಗಾಳಿ-ಪೆಟ್ರೋಲ್ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ನಾನು ಮುಟ್ಟಲಿಲ್ಲ, ಅದನ್ನು ಹೊಗೆ ಅಳೆಯುವ ಯಂತ್ರ ಇಟ್ಟುಕೊಂಡೇ ತಿರುಗಿಸಬೇಕು.

ಮತ್ತೆ ಫುಲ್ ಟ್ಯಾಂಕ್ ಲೆಕ್ಕ ಹಾಕಿದೆ. 212 ಕಿ.ಮೀ.ಗೆ 13.1 ಲೀಟರ್.