ಯಜಮಾನರು ಊರಲ್ಲಿಲ್ಲದ ದಿನವೂ ಆಲೆಮನೆ ನಡೆಯಬೇಕಾದರೆ

ಮಂಡ್ಯ ಸೀಮೆಯ ಆಲೆಮನೆಗಳಲ್ಲಿ ಕಬ್ಬು ತೂಗಿಸುವುದರಿಂದ ಹಿಡಿದು ಆಳಿಗೆ ಐನೂರು ರೂಪಾಯಿ ಮುಂಗಡ ಕೊಡುವವರೆಗೂ ಎಲ್ಲದಕ್ಕೂ ಯಜಮಾನರೇ ಬೇಕು. ಅವರು ಒಂದು ಮದುವೆಗೆ ಹೋದರೂ ಗಾಣ ತಡವರಿಸುತ್ತದೆ. ಕಡಿದ ಕಬ್ಬು ಮಾತ್ರ ಕಾಯುವುದಿಲ್ಲ. ದಿನ ಕಳೆದಂತೆ ಅದರೊಳಗಿನ ಸಕ್ಕರೆ ಒಡೆದು ಬೆಲ್ಲ ಗಟ್ಟಿಯಾಗದೆ ಅಂಟಂಟಾಗುತ್ತದೆ. ಆದ್ದರಿಂದ ನಿಮ್ಮ ಜಾಗದಲ್ಲಿ ನಿಲ್ಲಬಲ್ಲ ಒಬ್ಬರನ್ನು ನಾಲ್ಕು ವಾರದಲ್ಲಿ ತಯಾರು ಮಾಡಿಕೊಳ್ಳಿ.

ಪಾಕ ನೋಡುವವರನ್ನೇ ಮೇಲ್ವಿಚಾರಕರನ್ನಾಗಿ ಮಾಡಬೇಡಿ. ಅವರು ಕೊಪ್ಪರಿಗೆ ಬಿಟ್ಟು ಕದಲುವಂತಿಲ್ಲ. ಉಳಿದವರು ಯಾರ ಮಾತು ಕೇಳುತ್ತಾರೆ, ಕೆಲಸ ಕೆಟ್ಟಾಗ ಮುಚ್ಚಿಡದೆ ಬಂದು ಹೇಳುವವರು ಯಾರು ಎಂದು ನೋಡಿ ಆರಿಸಿ.

ಮೊದಲ ವಾರ ಜೇಬಲ್ಲೊಂದು ಚಿಕ್ಕ ಪುಸ್ತಕ ಇರಲಿ. ‘ಏನ್ ಮಾಡನ ಯಜಮಾನ್ರೇ?’ ಎಂದು ಯಾರೇ ಕೇಳಿದರೂ ಆ ಪ್ರಶ್ನೆಯನ್ನು ಬರೆದುಕೊಳ್ಳಿ. ವಾರದ ಕೊನೆಗೆ ಅವನ್ನು ಮೂರು ಪಾಲು ಮಾಡಿ: ಮೇಲ್ವಿಚಾರಕರೇ ತೀರ್ಮಾನಿಸುವುದು, ತೀರ್ಮಾನಿಸಿ ಸಂಜೆ ತಿಳಿಸುವುದು, ಮೊದಲು ನಿಮಗೆ ಫೋನ್ ಮಾಡುವುದು. ದುಡ್ಡಿನ ಮಿತಿ ಸ್ಪಷ್ಟವಾಗಿರಲಿ. ಸಾವಿರ ರೂಪಾಯಿವರೆಗಿನ ರಿಪೇರಿ ಅವರ ಕೈಯಲ್ಲಿ, ಬೆಲ್ಲದ ದರ ನಿಮ್ಮ ಕೈಯಲ್ಲಿ, ಹೀಗೆ.

ಎರಡನೇ ವಾರ ಕಲಿಸುವ ವಾರ. ‘ಕಬ್ಬಿನ ಹಾಲಿಗೆ ಒಂದು ಹಿಡಿ ಸುಣ್ಣ ಹಾಕು’ ಎನ್ನುವುದು ಕಲಿಸಿದಂತಲ್ಲ, ಒಬ್ಬೊಬ್ಬರ ಹಿಡಿ ಒಂದೊಂದು ಅಳತೆ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ನೀವು ಹಾಕುವಷ್ಟನ್ನು ಒಂದು ಲೋಟಕ್ಕೆ ಸುರಿದು, ಆ ಮಟ್ಟಕ್ಕೆ ಮೊಳೆಯಿಂದ ಗೀರು ಹಾಕಿಡಿ. ಪಾಕವೂ ಅಷ್ಟೇ: ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ತೋರಿಸಿ, ಸುಮಾರು 118 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಆ ಹದ ಬರುತ್ತದೆ. ಬೇಗ ಇಳಿಸಿದರೆ ಬೆಲ್ಲ ಮಳೆಗಾಲದಲ್ಲಿ ನೀರೊಡೆಯುತ್ತದೆ, ತಡವಾದರೆ ಸೀದು ಕಹಿಯಾಗುತ್ತದೆ. ಕಾರಣ ಗೊತ್ತಿದ್ದರೆ, ಲಾರಿ ಬಂತೆಂದು ಮೇಲ್ವಿಚಾರಕರು ಪಾಕ ನೋಡುವವರನ್ನು ಅವಸರಪಡಿಸುವುದಿಲ್ಲ.

ಮೂರನೇ ವಾರವೇ ಎಲ್ಲಕ್ಕಿಂತ ಕಷ್ಟ. ನೀವು ಅಲ್ಲೇ ಇರಬೇಕು, ತೀರ್ಮಾನ ಮಾತ್ರ ಅವರದ್ದು. ಆಳು ನಿಮ್ಮ ಹತ್ತಿರ ಬಂದರೆ ‘ಅವ್ರನ್ನ ಕೇಳಪ್ಪ’ ಎಂದು ಕಳಿಸಿ. ಹೆಚ್ಚಿನ ಯಜಮಾನರು ಸೋಲುವುದು ಇಲ್ಲಿಯೇ: ಎಲ್ಲರ ಎದುರು ಒಮ್ಮೆ ಅವರ ಮಾತು ಮುರಿದರೆ ಮರುದಿನದಿಂದ ಯಾರೂ ಅವರನ್ನು ಕೇಳುವುದಿಲ್ಲ. ತಪ್ಪು ಕಂಡರೆ ಸಂಜೆ ಇಬ್ಬರೇ ಇದ್ದಾಗ ಹೇಳಿ. ಗಾಣಕ್ಕೆ ಕೈ ಸಿಗುವಂತಿದ್ದರೆ, ಬೆಂಕಿ ಹಬ್ಬುವಂತಿದ್ದರೆ ಮಾತ್ರ ತಕ್ಷಣ ಕೂಗಿ ನಿಲ್ಲಿಸಿ.

ನಾಲ್ಕನೇ ವಾರ ಮೊದಲು ಅರ್ಧ ದಿನ, ಆಮೇಲೆ ಪೂರ್ತಿ ದಿನ ಹೊರಗಿರಿ. ಗಂಟೆಗೊಮ್ಮೆ ಫೋನ್ ಮಾಡಬೇಡಿ. ಸಂಜೆ ಹತ್ತು ನಿಮಿಷ ಕೂತು ಮೂರು ಲೆಕ್ಕ ಕೇಳಿದರೆ ಸಾಕು: ಬಂದ ಕಬ್ಬು, ಇಳಿದ ಬೆಲ್ಲ, ಪೆಟ್ಟಿಗೆಯ ನಗದು. ಒಂದು ಟನ್ ಕಬ್ಬಿಗೆ ಸುಮಾರು 100 ಕಿಲೋ ಬೆಲ್ಲ ಬರಬೇಕು. 90ಕ್ಕಿಂತ ಕೆಳಗಿಳಿದರೆ ಕಬ್ಬು ಎಳೆಯದೋ ಒಣಗಿದ್ದೋ, ಗಾಣ ಸರಿಯಾಗಿ ಹಿಂಡುತ್ತಿದೆಯೋ, ತೂಕ ಸರಿಯಿದೆಯೋ ಎಂದು ಒಟ್ಟಿಗೆ ಹುಡುಕಿ. ಮೊದಲೇ ಅವರ ಮೇಲೆ ಅನುಮಾನಪಟ್ಟರೆ ಮುಂದೆ ನಿಜವಾದ ಲೆಕ್ಕ ನಿಮಗೆ ಸಿಗುವುದಿಲ್ಲ.

ಮೇಲ್ವಿಚಾರಕರ ಕೂಲಿಯ ಮಾತು ಬಾಕಿ ಇಡಬೇಡಿ. ಮೂರನೇ ವಾರದ ಮೊದಲ ದಿನದಿಂದಲೇ ದಿನಗೂಲಿಯ ಮೇಲೆ ಇಷ್ಟು ಹೆಚ್ಚು ಎಂದು ಗೊತ್ತುಮಾಡಿ, ಅದನ್ನು ಉಳಿದ ಆಳುಗಳ ಮುಂದೆಯೇ ಹೇಳಿ. ಹೊಣೆ ಮಾತ್ರ ಹೊರಿಸಿ ಹಳೇ ಕೂಲಿಯನ್ನೇ ಕೊಟ್ಟರೆ, ನೀವು ಕಲಿಸಿದ ಕೆಲಸ ಪಕ್ಕದೂರಿನ ಆಲೆಮನೆಗೆ ಹೋಗುತ್ತದೆ.