ನಿಮ್ಮೂರಿನ ಬೀಟ್ ಪೊಲೀಸರ ಜೊತೆ ಕೈಜೋಡಿಸುವುದು ಹೇಗೆ?

ಕೊಡಗಿನಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ತೋಟವೇ ಇರುತ್ತದೆ. ಎಷ್ಟೋ ಮನೆಗಳಲ್ಲಿ ವಯಸ್ಸಾದವರಿಬ್ಬರೇ ಇದ್ದಾರೆ, ಮಕ್ಕಳು ಬೆಂಗಳೂರಿನಲ್ಲೋ ಮೈಸೂರಿನಲ್ಲೋ. ಕೂಗಿದರೆ ಪಕ್ಕದವರಿಗೆ ಕೇಳುವುದಿಲ್ಲ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಇಂಥ ಕಡೆ ಠಾಣೆಯ ಕೆಲವೇ ಸಿಬ್ಬಂದಿ ಎಷ್ಟು ಕಡೆ ಕಣ್ಣಿಡಲು ಸಾಧ್ಯ? ಊರಿನವರು ಜೊತೆಗಿರಲೇಬೇಕು.

ಅದಕ್ಕೆ ದಾರಿ ಈಗಾಗಲೇ ಇದೆ. 2017ರಲ್ಲಿ ರಾಜ್ಯದಲ್ಲಿ ಸುಧಾರಿತ ಗಸ್ತು ವ್ಯವಸ್ಥೆ ಬಂತು. ಠಾಣೆಯ ವ್ಯಾಪ್ತಿಯನ್ನು ಬೀಟ್‌ಗಳಾಗಿ ಹಂಚಿ, ಒಂದೊಂದನ್ನು ಒಬ್ಬ ಸಿಬ್ಬಂದಿಗೆ ವಹಿಸಲಾಯಿತು. ಆಯಾ ಬೀಟ್‌ಗೆ ಊರಿನವರನ್ನೇ ಸದಸ್ಯರನ್ನಾಗಿ ಸೇರಿಸಿಕೊಳ್ಳುತ್ತಾರೆ.

ಮೊದಲು ನಿಮ್ಮ ಮನೆ ಯಾವ ಠಾಣೆಗೆ, ಯಾವ ಬೀಟ್‌ಗೆ ಸೇರುತ್ತದೆ ಎಂದು ಕೇಳಿ ತಿಳಿದುಕೊಳ್ಳಿ. ಪಂಚಾಯಿತಿ ಗಡಿಯೂ ಠಾಣೆಯ ಗಡಿಯೂ ಒಂದೇ ಇರಬೇಕೆಂದೇನಿಲ್ಲ. ಆಧಾರ್ ಪ್ರತಿ, ಒಂದು ಫೋಟೊ ಹಿಡಿದುಕೊಂಡು ಹೋಗಿ ಎಸ್‌ಐ ಅವರನ್ನು ಭೇಟಿ ಮಾಡಿ. ನಿಮ್ಮ ಮೇಲೆ ಕೇಸ್ ಇದೆಯಾ ಎಂದು ವಿಚಾರಿಸಿದರೆ ಬೇಜಾರು ಬೇಡ, ಅದು ಆಗಬೇಕಾದದ್ದೇ. ಸಮವಸ್ತ್ರ, ತರಬೇತಿ, ಭತ್ಯೆ ಬೇಕೆನ್ನುವವರು ಗೃಹರಕ್ಷಕ ದಳಕ್ಕೆ ಅರ್ಜಿ ಹಾಕಬಹುದು. ಬೀಟ್ ಸದಸ್ಯತ್ವ ಬರೀ ಸೇವೆ.

ಇನ್ನು ಕೆಲಸ. ಅರ್ಧ ಕೆಲಸ ಮಾಹಿತಿ ಕೊಡುವುದು, ಅದನ್ನು ಸರಿಯಾಗಿ ಕೊಡಲು ಕಲಿಯಬೇಕು. ‘ಯಾರೋ ಅನುಮಾನಾಸ್ಪದವಾಗಿ ಓಡಾಡುತ್ತಿದ್ದಾರೆ’ ಎಂದರೆ ಪೊಲೀಸರು ಏನು ಮಾಡಬೇಕು? ಹೀಗೆ ಹೇಳಿ: ‘ರಾತ್ರಿ 11.20. ಬಿಳಿ ಪಿಕಪ್, ಹಿಂದೆ ನಂಬರ್ ಪ್ಲೇಟ್ ಇಲ್ಲ. ನಮ್ಮ ರಸ್ತೆಯ ಮೂರನೇ ಗೇಟಿನ ಕಾಫಿ ಕಣದ ಹತ್ತಿರ ಹತ್ತು ನಿಮಿಷ ನಿಂತು, ಗೋಣಿಕೊಪ್ಪ ಕಡೆಗೆ ಹೋಯಿತು.’ ಹೊತ್ತು, ಜಾಗ, ಗುರುತು, ಹೋದ ದಿಕ್ಕು. ಕಾಫಿ, ಕರಿಮೆಣಸು ಕಣದಲ್ಲಿ ಒಣಗುವ ತಿಂಗಳುಗಳಲ್ಲಿ ಇಂಥ ಒಂದು ಸಂದೇಶಕ್ಕೆ ಬೆಲೆ ಜಾಸ್ತಿ. ತುರ್ತಿದ್ದರೆ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ ಕಾಯಬೇಡಿ, ನೇರವಾಗಿ 112ಕ್ಕೆ ಕರೆ ಮಾಡಿ.

ತೋಟದ ಕಾರ್ಮಿಕರ ಸಾಲುಮನೆಗೆ, ಅಂದರೆ ಲೈನ್ ಮನೆಗೆ, ಹೊಸದಾಗಿ ಬಂದ ಅಸ್ಸಾಂ ಅಥವಾ ಬಂಗಾಳದ ಕಾರ್ಮಿಕನ ಮುಖ ಗೊತ್ತಿಲ್ಲ ಎಂಬುದು ಮಾಹಿತಿ ಅಲ್ಲ. ಕೆಲಸ ಹುಡುಕಿಕೊಂಡು ಬಂದವನನ್ನು ಕಳ್ಳನಂತೆ ನೋಡಬೇಡಿ. ಕಾರ್ಮಿಕರ ವಿವರವನ್ನು ಠಾಣೆಗೆ ಕೊಡಲು ತೋಟದ ಮಾಲೀಕರಿಗೆ ನೆನಪಿಸಿ, ಅಷ್ಟು ಸಾಕು. 2018ರಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರು ಎಂಬ ವಾಟ್ಸ್‌ಆ್ಯಪ್ ವದಂತಿ ನಂಬಿ ಗುಂಪೊಂದು ಅಮಾಯಕ ಯುವಕನನ್ನು ಹೊಡೆದು ಕೊಂದಿತು. ವದಂತಿ ನಿಮ್ಮ ಫೋನಿಗೆ ಬಂದರೆ ಅಲ್ಲೇ ನಿಲ್ಲಬೇಕು. ಬೀಟ್ ಪೊಲೀಸರಿಗೆ ತೋರಿಸಿ, ಬೇರೆ ಯಾರಿಗೂ ಕಳಿಸಬೇಡಿ.

ಉಳಿದರ್ಧ ಒಂಟಿ ಮನೆಗಳ ಹಿರಿಯರನ್ನು ವಿಚಾರಿಸಿಕೊಳ್ಳುವುದು. ನನ್ನ ಮಟ್ಟಿಗೆ ಇದೇ ದೊಡ್ಡ ಕೆಲಸ. ಹೋದಾಗ ಕೂತು ಮಾತಾಡಿ. ‘ಡಿಜಿಟಲ್ ಅರೆಸ್ಟ್’ ಎಂದು ವಿಡಿಯೊ ಕಾಲ್‌ನಲ್ಲಿ ಹೆದರಿಸುವವರು ಪೊಲೀಸರಲ್ಲ, ಅಂಥ ಬಂಧನ ಕಾನೂನಿನಲ್ಲೇ ಇಲ್ಲ ಎಂದು ಬಿಡಿಸಿ ಹೇಳಿ. ಸೈಬರ್ ವಂಚನೆಯ ಸಹಾಯವಾಣಿ 1930 ಎಂದು ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿ. ದುಡ್ಡು ಹೋದ ತಕ್ಷಣ ಆ ನಂಬರಿಗೆ ತಿಳಿಸಿದರೆ ಖಾತೆಯಲ್ಲೇ ತಡೆಹಿಡಿಯುವ ಅವಕಾಶವಿದೆ, ತಡವಾದಷ್ಟೂ ಅದು ಕಡಿಮೆ.

ಮಡಿಕೇರಿ ದಸರಾದ ದಶಮಂಟಪಗಳ ರಾತ್ರಿ, ತಲಕಾವೇರಿಯ ತೀರ್ಥೋದ್ಭವದ ದಿನ ಜನಸಂದಣಿಯಲ್ಲಿ ದಾರಿ ತೋರಿಸಲು, ತಪ್ಪಿಸಿಕೊಂಡ ಮಕ್ಕಳನ್ನು ಸಹಾಯ ಕೇಂದ್ರಕ್ಕೆ ತಲುಪಿಸಲು ಸ್ವಯಂಸೇವಕರು ಬೇಕು. ಮೊದಲೇ ಠಾಣೆಯಲ್ಲಿ ಹೆಸರು ಕೊಟ್ಟಿರಿ.

ಮಾಡಬಾರದ್ದೂ ಇದೆ. ವಾಹನ ತಡೆದು ತಪಾಸಣೆ ಮಾಡುವ ಅಧಿಕಾರ ನಿಮಗಿಲ್ಲ. ಮನೆಜಗಳ, ಆಸ್ತಿ ತಕರಾರುಗಳಲ್ಲಿ ಪಂಚಾಯಿತಿಗೆ ಕೂರಬೇಡಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು, ಫೋಟೊ ಹಂಚುವುದು ಅಪರಾಧ, ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯೂ ಇದನ್ನೇ ಹೇಳುತ್ತದೆ.

ಹೆಂಗಸರು ಸದಸ್ಯರಾಗುವುದು ತುಂಬಾ ಅಗತ್ಯ. ಗಂಡ ಕುಡಿದು ಹೊಡೆಯುತ್ತಾನೆ ಎಂದು ಲೈನ್ ಮನೆಯ ಹೆಂಗಸು ಗಂಡಸರ ಮುಂದೆ ಬಾಯಿ ಬಿಡುವುದು ಕಷ್ಟ ಅಲ್ವಾ? ಸ್ತ್ರೀಶಕ್ತಿ ಸಂಘದ ಅಕ್ಕನೊಬ್ಬರು ಬೀಟ್‌ನಲ್ಲಿದ್ದರೆ ಅವರ ಹತ್ತಿರ ಹೇಳುತ್ತಾಳೆ. ನೀವು ಹೆಸರು ಕೊಡಲು ಹೋಗುವ ದಿನ ಅಂಥ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.