ಕಣ್ಣ ಕೆಳಗಿನ ಪರ್ಮನೆಂಟ್ ಫಿಲ್ಲರ್ ಕೆಟ್ಟಾಗ ನಾನು ಹೇಗೆ ನಿಭಾಯಿಸುತ್ತೇನೆ

ಕಣ್ಣ ಕೆಳಗಿನ ಗುಳಿ ತುಂಬಲು ಚುಚ್ಚಿಸಿಕೊಂಡ ಫಿಲ್ಲರ್ ಕೆಟ್ಟು, ಗಂಟು, ಬಾವು ಎಂದು ಕಲಬುರಗಿಯ ನನ್ನ ಚರ್ಮರೋಗ ಕ್ಲಿನಿಕ್ಕಿಗೆ ಬರುವವರು ಸಾಮಾನ್ಯವಾಗಿ ಕೇಳುವುದು ಒಂದೇ: “ಒಂದು ಇಂಜೆಕ್ಷನ್ ಹಾಕಿ ಕರಗಿಸಿ ಬಿಡ್ರಿ ಡಾಕ್ಟ್ರೇ.” ಆ ಇಂಜೆಕ್ಷನ್, ಅಂದರೆ ಹಯಲುರಾನಿಡೇಸ್, ಕರಗಿಸುವುದು ಹಯಲುರಾನಿಕ್ ಆಸಿಡ್ ಫಿಲ್ಲರನ್ನು ಮಾತ್ರ. ಸಿಲಿಕೋನ್ ಎಣ್ಣೆ, ಪಿಎಂಎಂಎ ಮಣಿ, ಪಾಲಿಅಕ್ರಿಲಮೈಡ್ ಜೆಲ್, ಈ ಮೂರು ಪರ್ಮನೆಂಟ್ ಫಿಲ್ಲರಿಗೂ ಅದು ತಾಗುವುದೇ ಇಲ್ಲ.

ಪಿಎಂಎಂಎ ಎಂದರೆ 30ರಿಂದ 50 ಮೈಕ್ರಾನ್ ಗಾತ್ರದ ಪ್ಲಾಸ್ಟಿಕ್ ಮಣಿಗಳು. ಜೊತೆಗಿರುವ ಕೊಲಾಜನ್ ಕೆಲವು ತಿಂಗಳಲ್ಲಿ ಕರಗುತ್ತದೆ, ಮಣಿಗಳ ಸುತ್ತ ದೇಹ ನಾರು ಕಟ್ಟುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟದ್ದು ಮೂಗಿನ ಪಕ್ಕದಿಂದ ಬಾಯಿಯ ಅಂಚಿಗೆ ಇಳಿಯುವ ಗೆರೆಗೆ, ಕಣ್ಣ ಕೆಳಗಿನ ಗುಳಿಗೆ ಅಲ್ಲ. ಕೆಳರೆಪ್ಪೆಯ ಚರ್ಮ ಒಂದು ಮಿಲಿಮೀಟರಿಗಿಂತ ತೆಳು. ಕೆನ್ನೆಯಲ್ಲಿ ಅಡಗುವ ಗಂಟು ಇಲ್ಲಿ ಎದ್ದು ಕಾಣುತ್ತದೆ.

ಯಾವ ಫಿಲ್ಲರ್ ಎಂಬ ಸ್ಟಿಕ್ಕರ್, ಬಿಲ್ಲು ಬಹಳ ಜನರ ಬಳಿ ಇರುವುದಿಲ್ಲ. ಆಗ ಅಲ್ಟ್ರಾಸೌಂಡ್ ಮಾಡಿಸುತ್ತೇನೆ. ಹೊಟ್ಟೆಯ ಸ್ಕ್ಯಾನಿಗೆ ಬಳಸುವ ಪ್ರೋಬಿನಲ್ಲಿ ಏನೂ ಕಾಣದು; 15 ಮೆಗಾಹರ್ಟ್ಸ್ ಅಥವಾ ಅದಕ್ಕಿಂತ ಹೆಚ್ಚಿನ ಲೀನಿಯರ್ ಪ್ರೋಬ್ ಬೇಕು. ಜೆಲ್ ದಪ್ಪಗೆ ಹಾಕಿ, ಒತ್ತದೆ ಇಡಬೇಕು. ಸಿಲಿಕೋನ್ ಇದ್ದರೆ ಹಿಂದಿನದೆಲ್ಲವನ್ನೂ ಮುಚ್ಚುವ ಮಂಜಿನಂಥ ಬಿಳುಪು. ಪಿಎಂಎಂಎ ಇದ್ದರೆ ಬಿಳಿ ಚುಕ್ಕೆ, ಅದರ ಹಿಂದೆ ಸಣ್ಣ ಬಾಲ. ತೊಡಕು ಬರುವುದು ಕಪ್ಪು ಗುಳ್ಳೆ ಕಂಡಾಗ: ಪಾಲಿಅಕ್ರಿಲಮೈಡೂ ಹಯಲುರಾನಿಕ್ ಆಸಿಡ್ಡೂ ಹೀಗೇ ಕಾಣುತ್ತವೆ. ಸೋಂಕಿನ ಲಕ್ಷಣ ಇಲ್ಲದಿದ್ದರೆ ಸ್ವಲ್ಪ ಹಯಲುರಾನಿಡೇಸ್ ಹಾಕಿ, ಕೆಲವು ದಿನ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸುತ್ತೇನೆ. ಕುಗ್ಗದಿದ್ದರೆ ಪಾಲಿಅಕ್ರಿಲಮೈಡ್ ಎಂಬ ಉತ್ತರ ಸಿಕ್ಕಂತೆ.

ಜಾಗ ಬಿಸಿಯಾಗಿ, ಕೆಂಪಾಗಿ, ಮುಟ್ಟಿದರೆ ನೋಯುತ್ತಿದ್ದರೆ ಸೋಂಕು ಎಂದೇ ಹಿಡಿದು, ಸ್ಟಿರಾಯ್ಡ್ ಕೊಡುವುದಿಲ್ಲ. ಫಿಲ್ಲರ್ ಮೇಲೆ ಕೂತ ಬ್ಯಾಕ್ಟೀರಿಯಾದ ಪದರ ವರ್ಷಗಟ್ಟಲೆ ಸುಮ್ಮನಿದ್ದು, ಹಲ್ಲಿನ ಸೋಂಕೋ ಸೈನಸ್ಸೋ ಬಂದಾಗ ಕೆರಳುತ್ತದೆ. ಹಾಗಾಗಿ ಬಾಯಿ ತೆರೆಸಿ ಹಲ್ಲು ನೋಡದೆ ಔಷಧಿ ಬರೆಯುವುದಿಲ್ಲ. ಕ್ಲಾರಿಥ್ರೋಮೈಸಿನ್ 500 ಮಿ.ಗ್ರಾಂ ದಿನಕ್ಕೆ ಎರಡು ಸಲ, ಮಾಕ್ಸಿಫ್ಲಾಕ್ಸಾಸಿನ್ 400 ಮಿ.ಗ್ರಾಂ ಒಂದು ಸಲ, ಇದು ರೂಢಿಯಲ್ಲಿರುವ ಆಂಟಿಬಯಾಟಿಕ್ ಜೋಡಿ. ಎರಡೂ ಇಸಿಜಿಯಲ್ಲಿ ಕಾಣುವ ಕ್ಯೂಟಿ ಅಂತರವನ್ನು ಉದ್ದ ಮಾಡಿ ಹೃದಯದ ಲಯ ಕೆಡಿಸಬಹುದು, ಆದ್ದರಿಂದ ಮೊದಲು ಇಸಿಜಿ. ಇನ್ನೊಂದು ಮಾತು ನಮ್ಮ ಭಾಗದ ವೈದ್ಯರು ಮರೆಯಲೇಬಾರದು: ಮಾಕ್ಸಿಫ್ಲಾಕ್ಸಾಸಿನ್ ಟಿಬಿಯನ್ನು ಅರ್ಧಂಬರ್ಧ ಅಡಗಿಸಿ ಪತ್ತೆಯಾಗದಂತೆ ಮಾಡುತ್ತದೆ. ಕೀವು ಇದ್ದರೆ ಮೊದಲ ಮಾತ್ರೆಗೆ ಮುಂಚೆಯೇ ತೆಗೆದು, ಸಾಮಾನ್ಯ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಜೊತೆಗೆ ಟಿಬಿ ಜಾತಿಯ ಮೈಕೋಬ್ಯಾಕ್ಟೀರಿಯಾದ ಕಲ್ಚರಿಗೂ ಕಳಿಸಬೇಕು. ಅದರ ಅಂತಿಮ ವರದಿಗೆ ಆರು ವಾರ ಕಾಯಬೇಕಾಗಬಹುದು. ಬಯಾಪ್ಸಿ ಕಳಿಸಿದರೆ ಫಾರಂನಲ್ಲಿ “ಫಿಲ್ಲರ್ ಹಾಕಿಸಿದ್ದಾರೆ” ಎಂದು ದಪ್ಪಕ್ಷರದಲ್ಲಿ ಬರೆಯುತ್ತೇನೆ. ಇಲ್ಲದಿದ್ದರೆ ಗ್ರ್ಯಾನುಲೋಮಾ (ರಕ್ಷಣಾ ಕಣಗಳು ಗುಂಪುಗಟ್ಟಿದ ಗಂಟು) ಕಂಡ ಪ್ಯಾಥಾಲಜಿಸ್ಟ್ ಟಿಬಿ ಅಥವಾ ಕುಷ್ಠ ಎಂದು ಓದಿದರೆ ಅವರ ತಪ್ಪಲ್ಲ.

ಸೋಂಕು ಇಲ್ಲ ಎಂದು ಖಾತ್ರಿಯಾದ, ಗಟ್ಟಿಯಾದ, ನೋವಿಲ್ಲದ ಗಂಟಿಗೆ ಮಾತ್ರ ಸ್ಟಿರಾಯ್ಡ್ ಇಂಜೆಕ್ಷನ್. ನನ್ನ ಮಿಶ್ರಣ: 40 ಮಿ.ಗ್ರಾಂ/ಮಿ.ಲೀ. ಟ್ರಯಾಮ್ಸಿನೋಲೋನ್ (ಇದೇ ಸ್ಟಿರಾಯ್ಡ್) 0.1 ಮಿ.ಲೀ., ಕೋಶಗಳ ಬೆಳವಣಿಗೆ ತಡೆಯುವ 50 ಮಿ.ಗ್ರಾಂ/ಮಿ.ಲೀ. ಫೈವ್-ಫ್ಲೋರೋಯುರಾಸಿಲ್ 0.6, ಮರಗಟ್ಟಿಸಲು ಅಡ್ರಿನಲಿನ್ ಇಲ್ಲದ 2% ಲಿಗ್ನೋಕೇನ್ 0.1. ಒಟ್ಟು 0.8 ಮಿ.ಲೀ., ಸ್ಟಿರಾಯ್ಡ್ ಸಾಂದ್ರತೆ 5 ಮಿ.ಗ್ರಾಂ/ಮಿ.ಲೀ. ಒಂದು ಗಂಟಿಗೆ 0.1 ಮಿ.ಲೀ. ದಾಟುವುದಿಲ್ಲ. 30 ಗೇಜ್ ಸೂಜಿ ಗಂಟಿನ ಒಳಗೇ ಇರಬೇಕು. ಹಿಂದಕ್ಕೆಳೆದು ರಕ್ತ ಬರುವುದಿಲ್ಲ ಎಂದು ನೋಡಿ, ಬಹಳ ನಿಧಾನವಾಗಿ ತಳ್ಳಬೇಕು. ಟ್ರಯಾಮ್ಸಿನೋಲೋನಿನ ಕಣಗಳು ಜೋರಿನ ಒತ್ತಡದಲ್ಲಿ ರಕ್ತನಾಳ ಸೇರಿದರೆ ರೆಟಿನಾದವರೆಗೆ ಹೋಗಿ ದೃಷ್ಟಿ ಕಳೆಯಬಹುದು. ಚರ್ಮದಲ್ಲಿ ಬಿದ್ದರೆ ಗುಳಿ, ಬಿಳಿ ಕಲೆ. ನಾಲ್ಕು ವಾರದ ಅಂತರ ಬಿಡುತ್ತೇನೆ. ಬಸುರಿಯರಿಗೆ, ಹಾಲೂಡಿಸುವವರಿಗೆ ಈ ಮಿಶ್ರಣ ಕೊಡಬಾರದು. ಪಾಲಿಅಕ್ರಿಲಮೈಡಿಗೆ ಸ್ಟಿರಾಯ್ಡ್ ಬೇಡ. ಜೆಲ್ ಇನ್ನೂ ಮೆತ್ತಗಿದ್ದರೆ 18 ಗೇಜ್ ಸೂಜಿಯಿಂದ ಹಿಂಡಿ ತೆಗೆಯಬಹುದು.

ಗಂಟಿನ ಮೇಲೆ ಮಸಾಜ್, ರೇಡಿಯೋಫ್ರೀಕ್ವೆನ್ಸಿ, ಗುಳಿ ಮುಚ್ಚಲು ಇನ್ನೊಂದು ಫಿಲ್ಲರ್, ಯಾವುದನ್ನೂ ಮಾಡಿಸಬೇಡಿ.

ಶಸ್ತ್ರಚಿಕಿತ್ಸೆಗೆ ಆಕ್ಯುಲೋಪ್ಲಾಸ್ಟಿ, ಅಂದರೆ ರೆಪ್ಪೆಯ ಪ್ಲಾಸ್ಟಿಕ್ ಸರ್ಜರಿ, ಗೊತ್ತಿರುವ ಕಣ್ಣಿನ ಸರ್ಜನರ ಬಳಿಗೇ ಕಳಿಸುತ್ತೇನೆ. ಬೀದರ್ ಕಡೆಯವರಿಗೆ ಹೈದರಾಬಾದ್ ಅನುಕೂಲ. ಬಾವು ಪೂರ್ತಿ ಇಳಿದು ಕೆಲವು ತಿಂಗಳಾಗಿರಬೇಕು. ಸಾಧ್ಯವಾದಲ್ಲಿ ರೆಪ್ಪೆಯ ಒಳಮೈಯಿಂದ ಕೊಯ್ಯುತ್ತಾರೆ, ಹೊರಗೆ ಗಾಯದ ಗುರುತು ಇರುವುದಿಲ್ಲ. ಸಿಲಿಕೋನ್, ಪಿಎಂಎಂಎ ಎರಡೂ ಕಣ್ಣು ಮುಚ್ಚುವ ಸ್ನಾಯುವಿನೊಳಗೇ ಹೆಣೆದುಕೊಂಡಿರುತ್ತವೆ. ಎಲ್ಲವನ್ನೂ ಕಿತ್ತರೆ ಕೆಳರೆಪ್ಪೆ ಹೊರಕ್ಕೆ ಮಗುಚಿ, ಕಣ್ಣಲ್ಲಿ ಸದಾ ನೀರು ಸುರಿಯಬಹುದು. ಗಂಟಿನ ಉಬ್ಬು ಕಡಿಮೆ ಮಾಡುವಷ್ಟೇ ತೆಗೆಯುತ್ತಾರೆ, ಉಳಿದದ್ದು ಒಳಗೇ ಇರುತ್ತದೆ ಎಂದು ಸಹಿ ಹಾಕಿಸುವ ಮೊದಲೇ ರೋಗಿಗೂ ಮನೆಯವರಿಗೂ ಕೂರಿಸಿಕೊಂಡು ಹೇಳುತ್ತೇನೆ.